ಸ್ಟೇರಿಂಗ್ ಹಿಡಿದಿದ್ದವರು ಯಾರು

ಐಮಂಗಲದ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿಯಾಗಿದ್ದ ಮಮತಾ ಕಾರು ಕಲಿತದ್ದು ಶೋಕಿಗಲ್ಲ, ಗಂಡನಿಗೆ ಹೆದರಿ.

ಗಂಡ ಕನಕರಾಜ್ ಹೊಡೆಯುವ ಬಡಿಯುವ ಜಾತಿಯವನಲ್ಲ. ಹಿರಿಯೂರಿನಲ್ಲಿ ಪಂಪ್‌ಸೆಟ್ ಮೋಟರು ರಿಪೇರಿ ಅಂಗಡಿ ಇಟ್ಟಿದ್ದ. ಕೈ ಚುರುಕು, ಮಾತು ಮೆದು, ವಾರವೆಲ್ಲ ಒಂದು ತೊಟ್ಟು ಮುಟ್ಟುತ್ತಿರಲಿಲ್ಲ. ಆದರೆ ಬೀಗರೂಟವೋ ಹರಕೆಯ ಊಟವೋ, ಎಲ್ಲಿ ಮರಿ ಕಡಿದರೂ ಅಲ್ಲಿ ಹುಣಸೆಮರದ ಹಿಂದೆ ನಾಲ್ಕು ಜನರ ಜೊತೆ ನಿಂತು, ಬಾಯಿ ಒರೆಸಿಕೊಂಡೇ ಪಂಕ್ತಿಗೆ ಬರುವವನು. ಒಮ್ಮೆ ಹೊಳಲ್ಕೆರೆಯಿಂದ ಬೈಕಿನಲ್ಲಿ ಬರುವಾಗ ಹ್ಯಾಂಡಲ್ ಹಿಡಿದೇ ತೂಕಡಿಸಿಬಿಟ್ಟ. ಹಿಂದೆ ಕೂತಿದ್ದ ಮಮತಾ ದಾರಿಯುದ್ದಕ್ಕೂ ಅವನ ಬೆನ್ನಿಗೆ ಗುದ್ದಿ ಗುದ್ದಿ ಎಬ್ಬಿಸುತ್ತ ಜೀವ ಕೈಯಲ್ಲಿ ಹಿಡಿದು ಊರು ಸೇರಿದಳು. ಆಮೇಲೆ ಅವಳು ಬೈಕು ಹತ್ತಲಿಲ್ಲ. ಹಿರಿಯೂರಿನ ಡ್ರೈವಿಂಗ್ ಸ್ಕೂಲಿಗೆ ಸೇರಿದಳು, ಲೈಸೆನ್ಸ್ ತೆಗೆದಳು, ಡೇರಿಯ ಸಂಬಳದಲ್ಲಿ ಚೀಟಿ ಕಟ್ಟಿ ಎತ್ತಿದ ಹಣದಲ್ಲಿ ಸೆಕೆಂಡ್‌ಹ್ಯಾಂಡ್ ಬಿಳಿ ಕಾರೊಂದನ್ನು ತನ್ನ ಹೆಸರಿಗೇ ಕೊಂಡಳು.

ಅರಳಿಕಟ್ಟೆಯ ಗಂಡಸರು ನಗಾಡಿದರು. ಅವರಿಗೆ ಉತ್ತರ ಕೊಟ್ಟವಳು ಅತ್ತೆ ಬರಗೇರಮ್ಮ.

"ನಾನು ಎತ್ತಿನ ಗಾಡಿ ಹೊಡ್ಕಂಡು ದುರ್ಗದ ಸಂತೆಗೆ ಹೋಗ್ತಿದ್ದೆ ಕಣ್ರಲೇ. ನನ್ನ ಸೊಸೆ ಕಾರು ಹೊಡೆದ್ರೆ ನಿಮ್ಮಪ್ಪನ ಮನೆ ಗಂಟೇನು ಹೋಗ್ತೈತೆ?"

ಅಲ್ಲಿಂದ ಮುಂದೆ ಯಾವ ಊಟಕ್ಕೆ ಹೋದರೂ ಬಲಗಡೆ ಸೀಟಿನಲ್ಲಿ ಮಮತಾ, ಎಡಗಡೆ ಕನಕರಾಜ್, ಹಿಂದೆ ಎಲೆಯಡಿಕೆ ಚೀಲದ ಜೊತೆ ಬರಗೇರಮ್ಮ.

ಅವತ್ತು ಹೊಸದುರ್ಗದಲ್ಲಿ ಕನಕರಾಜನ ಸೋದರತ್ತೆ ಮಗಳ ಬೀಗರೂಟ. ಊಟ ಮುಗಿಸಿ ಹೊರಟಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಕನಕರಾಜನಿಗೆ ಚೆನ್ನಾಗಿಯೇ ಏರಿತ್ತು, ಕಿಟಕಿಗೆ ತಲೆ ಆನಿಸಿ ಏನೋ ಗೊಣಗುತ್ತಿದ್ದ. ಮಾರಿಕಣಿವೆ ದಾಟಿ ಸ್ವಲ್ಪ ದೂರ ಬಂದಿರಬೇಕು, ತಿರುವಿನಲ್ಲಿ ಕುರಿಹಿಂಡೊಂದು ಗುಡ್ಡದ ಕಡೆಯಿಂದ ರಸ್ತೆಗೆ ಧುಮುಕಿತು. ಎದುರಿಗೆ ಬಸ್ಸು. ಬ್ರೇಕು ಒತ್ತಿದಳು, ಸಾಲದು ಅನ್ನಿಸಿತು. ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವಳು, ಕುರಿಗಳ ಮೇಲೆ ಹೋಗಲು ಕೈ ಬರಲಿಲ್ಲ. ಕಾರನ್ನು ಎಡಕ್ಕೆ ಮಣ್ಣಿಗಿಳಿಸಿದಳು. ಅಲ್ಲಿ ಹುಲ್ಲಿನೊಳಗೆ ಮೋರಿಯ ಕಲ್ಲುಕಟ್ಟೆ ಇತ್ತು.

ಸದ್ದು ನಿಂತಾಗ ಎಡಗಡೆ ಬಾನೆಟ್ಟು ಮುರುಟಿಕೊಂಡು ಹೊಗೆಯಂಥ ಆವಿ ಏಳುತ್ತಿತ್ತು. ಬೆಲ್ಟು ಮಮತಾಳ ಬಲಭುಜದಿಂದ ಎಡಸೊಂಟದವರೆಗೆ ಬರೆ ಎಳೆದಂತೆ ಉರಿಯುತ್ತಿತ್ತು. ಕನಕರಾಜ್ ಬೆಲ್ಟು ಹಾಕಿರಲಿಲ್ಲ, ಹಣೆ ಒಡೆದಿತ್ತು. ಹಿಂದೆ ಬರಗೇರಮ್ಮ "ಅಯ್ಯೋ ನನ್ನ ರೆಟ್ಟೆ" ಎಂದು ಕೂಗುತ್ತಿದ್ದಳು. ಕುರಿಗಾಹಿ ಓಡಿಬಂದು, ಬಲಗಡೆ ಬಾಗಿಲನ್ನು ತೆಗೆದು ಮೊದಲು ಮಮತಾಳನ್ನು ಇಳಿಸಿದ. ತನ್ನ ಕಂಬಳಿಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಬರಗೇರಮ್ಮನನ್ನು ಕೂರಿಸಿದ.

"ಒಂದು ಮರಿಗೂ ತಾಗ್ಲಿಲ್ಲ ತಾಯಿ. ನಿಮ್ಮ ಗಾಡಿ ನುಗ್ಗಾಯ್ತಲ್ಲ" ಎಂದು ಕೈ ಕೈ ಹಿಸುಕಿಕೊಂಡ. ಹೆಸರು ಚಿತ್ತಪ್ಪ ಎಂದ. ಬಸ್ಸಿನವರು ಮೂವರನ್ನೂ ಹತ್ತಿಸಿಕೊಂಡು ಹೊಸದುರ್ಗದ ಆಸ್ಪತ್ರೆಗೆ ಬಿಟ್ಟರು. ಬರಗೇರಮ್ಮನ ಹೆಗಲ ಮೂಳೆ ಬಿರುಕು ಬಿಟ್ಟಿತ್ತು. ಕನಕರಾಜನ ಹಣೆಗೆ ಹೊಲಿಗೆ ಹಾಕಿದ ಡಾಕ್ಟರು ಚೀಟಿಯಲ್ಲಿ ಮದ್ಯದ ವಾಸನೆ ಇದೆ ಎಂದು ಬರೆದರು. ಮಮತಾಳ ಚೀಟಿಯಲ್ಲಿ ಬರೀ ಎದೆನೋವು ಎಂದಿತ್ತು.

ಇನ್ಶೂರೆನ್ಸ್ ಮಾಡಿಸಿಕೊಟ್ಟಿದ್ದ ಏಜೆಂಟ್ ಗೋವಿಂದಪ್ಪ ದೂರದ ನೆಂಟ, ವರಸೆಯಲ್ಲಿ ಕನಕರಾಜನಿಗೆ ಮಾವ. ಫೋನಿನಲ್ಲೇ ಧೈರ್ಯ ತುಂಬಿದ. "ನೀನೇನೂ ತಲೆ ಕೆಡಿಸ್ಕಬೇಡ ಮಮತಾ. ದುರ್ಗದ ಬೈಪಾಸಲ್ಲಿ ಉಗ್ರಪ್ಪನ ಗ್ಯಾರೇಜ್ ಐತೆ, ಕಂಪನಿ ಲಿಸ್ಟಲ್ಲಿರೋನು. ಗಾಡಿ ಎಳೆಸಿ ಅಲ್ಲಿಗೆ ಹಾಕು. ಕ್ಯಾಶ್‌ಲೆಸ್. ನೀನು ಸೈನ್ ಮಾಡೋದು, ಕೀ ಇಸ್ಕಳೋದು, ಅಷ್ಟೇ."

ಉಗ್ರಪ್ಪನ ಗ್ಯಾರೇಜು ತಗಡಿನ ಶೆಡ್ಡು. ಹೊರಗೆ ಮುಖ ಕಿತ್ತುಹೋದ ಗಾಡಿಗಳ ಸಾಲು, ಒಳಗೆ ಸುಟ್ಟ ಆಯಿಲ್ ಮತ್ತು ಗುಟ್ಕಾದ ನಾತ. ಉಗ್ರಪ್ಪ ಮಾತಿಗೊಮ್ಮೆ "ಅಕ್ಕ" ಎನ್ನುತ್ತಿದ್ದ, ಅಂದಾಗಲೆಲ್ಲ ಪಕ್ಕಕ್ಕೆ ತಿರುಗಿ ಉಗಿಯುತ್ತಿದ್ದ. ಗಾಡಿ ತಂದು ಬಿಟ್ಟ ದಿನ ಮಮತಾ ಅದನ್ನು ಸುತ್ತಿ ನೋಡಿದಳು. ಎಡಗಡೆ ಚಿಂದಿಯಾಗಿತ್ತು. ಬಲಗಡೆಗೆ ಗೀರೂ ಬಿದ್ದಿರಲಿಲ್ಲ, ಬಲಗಡೆಯ ಹೆಡ್‌ಲೈಟು ಹೊಸದರಂತೆ ಹೊಳೆಯುತ್ತಿತ್ತು. ಅಷ್ಟಾದರೂ ಉಳಿಯಿತಲ್ಲ ಎಂದು ಅದನ್ನು ಸೆರಗಿನಿಂದ ಒರೆಸಿ ಬಂದಿದ್ದಳು.

ಮತ್ತೆ ಹೋದಾಗ ಆ ಹೆಡ್‌ಲೈಟು ಒಡೆದಿತ್ತು. ಗಾಜಿನ ಚೂರು ಇನ್ನೂ ಕೆಳಗೇ ಬಿದ್ದಿತ್ತು. ಬಲಗಡೆ ಬಾಗಿಲೂ ನಡುವೆ ಕುಳಿ ಬಿದ್ದು ಒಳಗೆ ಹೋಗಿತ್ತು.

"ಇದು ಚೆನ್ನಾಗಿತ್ತಲ್ಲ ಉಗ್ರಪ್ಪ?"

ಉಗ್ರಪ್ಪ ನಕ್ಕ. ಮಗುವಿಗೆ ಪೆಪ್ಪರ್‌ಮೆಂಟು ಕೊಟ್ಟವನ ನಗು. "ಚೆನ್ನಾಗಿದ್ರೆ ಕಂಪನಿಯೋರು ಕೊಡ್ತಾರೇನಕ್ಕ? ಸರ್ವೇಯರ್ ಬರೋಕೆ ಮುಂಚೆ ಒಂದು ಸುತ್ತಿಗೆ ಕೊಟ್ಟೆ. ಎರಡೂ ಕಡೆ ಹೊಸಾದು ಬರ್ತೈತೆ. ಕಂಪನಿ ದುಡ್ಡು ತಾನೆ, ನಿಮ್ಮದೇನು ಹೋಗ್ತೈತೆ?"

ಮಮತಾಳ ಬಾಯೊಳಗೆ ಕಹಿ ಊರಿತು. ತನ್ನ ಸಾಮಾನನ್ನು ತನಗೇ ಹೇಳದೆ ಒಡೆದು, ಅದನ್ನು ಉಪಕಾರದ ಲೆಕ್ಕಕ್ಕೆ ಸೇರಿಸುತ್ತಿದ್ದಾನೆ. ಬೈಯಬೇಕು ಅಂದುಕೊಂಡಳು. ಸುತ್ತ ನಿಂತಿದ್ದ ಬೇರೆ ಗಾಡಿಗಳನ್ನು ನೋಡಿದಳು. ಅವುಗಳಲ್ಲಿ ಎಷ್ಟು ಏಟು ರಸ್ತೆಯಲ್ಲಿ ಬಿದ್ದದ್ದು, ಎಷ್ಟು ಇವನ ಸುತ್ತಿಗೆಯದು ಎಂದು ಯಾರು ಹೇಳಬೇಕು?

"ಇನ್ನೊಂದು ಸಲ ನನ್ನ ಗಾಡಿ ಮೇಲೆ ಸುತ್ತಿಗೆ ಎತ್ತಬೇಡ" ಎಂದಷ್ಟೇ ಹೇಳಿ ಬಂದಳು. ಬಸ್ಸಿನಲ್ಲಿ ಕೂತ ಮೇಲೂ ಕೈಗೆ ಆ ಶೆಡ್ಡಿನ ಜಿಡ್ಡು ಅಂಟಿದಂತೆ ಅನಿಸಿ, ಮನೆಗೆ ಬಂದವಳೇ ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ ತೊಳೆದಳು.

ಸರ್ವೇಯರ್ ಗ್ಯಾರೇಜಿಗೆ ಬಂದು ಫೋಟೋ ಹೊಡೆದುಕೊಂಡು ಹೋದ. ಅಪಘಾತವಾಗಿ ಎರಡು ವಾರ ಕಳೆದ ಮೇಲೆ ಕಂಪನಿ ತನಿಖೆಗೆಂದು ಇನ್ನೊಬ್ಬನನ್ನು ಐಮಂಗಲಕ್ಕೇ ಕಳಿಸಿತು. ಇಸ್ತ್ರಿ ಮಾಡಿದ ಅಂಗಿ, ಕುತ್ತಿಗೆಗೆ ದಾರದಲ್ಲಿ ನೇತಾಡುವ ಕಾರ್ಡು. ಕುರ್ಚಿಯಲ್ಲಿ ಕೂತು ಕಾಲಮೇಲೆ ಕಾಲು ಹಾಕಿ ಕೇಳಿದ. "ಗಾಡಿ ಓಡಿಸ್ತಿದ್ದೋರು ಯಾರು ಸರ್?"

ಕೇಳಿದ್ದು ಕನಕರಾಜನನ್ನು. ಉತ್ತರ ಕೊಟ್ಟದ್ದು ಮಮತಾ. "ನಾನು."

ಅವನು ಅವಳ ಕಡೆ ತಿರುಗಲಿಲ್ಲ. "ಸರ್, ಆಸ್ಪತ್ರೆ ಚೀಟಿಯಲ್ಲಿ ನೀವು ಡ್ರಿಂಕ್ಸ್ ಮಾಡಿದ್ರಿ ಅಂತ ಇದೆ. ನಾವೂ ಗಂಡಸರೇ, ಅರ್ಥ ಆಗುತ್ತೆ. ನಿಜ ಹೇಳಿ ಸರ್. ಮೇಡಂ ಹೆಸರಿಗೆ ಲೈಸೆನ್ಸ್ ಇದೆ ಅಂತ ಆಮೇಲೆ ಮೇಡಮ್ಮನ್ನ ಸ್ಟೇರಿಂಗ್ ಹತ್ರ ಕೂರಿಸಿದ್ರಾ?"

ಕನಕರಾಜ್ ನೆಲ ನೋಡಿದ. "ಇಲ್ಲ, ಅವಳೇ..." ಎಂದು ಮಾತು ನುಂಗಿದ.

"ಬೆಲ್ಟು ಬಿದ್ದ ಗುರುತು ಐತೆ" ಎಂದಳು ಮಮತಾ. "ಬಲಗಡೆ ಭುಜದಿಂದ ಎಡಕ್ಕೆ. ಎಡಗಡೆ ಕುಂತೋರಿಗೆ ಹಂಗೆ ಬೀಳಲ್ಲ."

ಈಗ ಅವನು ಅವಳನ್ನು ನೋಡಿದ. ಮುಖವನ್ನಲ್ಲ. ನೋಟ ಭುಜದಿಂದ ಇಳಿಯುತ್ತ ಹೋಗಿ, ತುಟಿಯ ಒಂದು ಮೂಲೆ ಮೇಲೆ ಹೋಯಿತು. "ಫೋಟೋ ಇದ್ರೆ ತೋರಿಸಿ ಮೇಡಂ. ಹಾಗೇ ಹೇಗೆ ನಂಬೋದು?"

ಮಮತಾ ಸೆರಗನ್ನು ಕುತ್ತಿಗೆಯವರೆಗೆ ಎಳೆದುಕೊಂಡಳು. ಒಳಕೋಣೆಯಲ್ಲಿ ಕೈಗೆ ಜೋಳಿಗೆ ಕಟ್ಟಿಕೊಂಡು ಮಲಗಿದ್ದ ಬರಗೇರಮ್ಮ ಅಲ್ಲಿಂದಲೇ ಕೂಗಿದಳು. "ಲೇ ಇಸ್ತ್ರಿ ಅಂಗಿಯೋನೇ, ನಾನು ಹಿಂದ್ಗಡೆ ಕುಂತಿದ್ದೆ ಕಣೋ. ನನ್ನ ಮಗ ಆವತ್ತು ಕುಂತ್ಕಂಡು ಉಸಿರಾಡಿದ್ದೇ ಹೆಚ್ಚು. ಗಾಡಿ ಎಲ್ಲಿಂದ ಓಡಿಸ್ತಾನೆ? ನನ್ನ ಸೊಸೇನೇ ಓಡಿಸಿದ್ದು, ಬರ್ಕ."

"ಅಜ್ಜಿ ಮನೆಯವರು. ಅವರ ಹೇಳಿಕೆ ನಡೆಯಲ್ಲ" ಎಂದ. ಆಮೇಲೆ ಏನೋ ಹೊಳೆದವನಂತೆ ಹೊರಗೆ ನಿಂತಿದ್ದ ತನ್ನ ಕಾರಿನ ಕೀಲಿಯನ್ನು ಟೀಪಾಯಿಯ ಮೇಲಿಟ್ಟ. "ಓಡಿಸಿ ತೋರಿಸಿ ನೋಡೋಣ."

ಬೇಡ ಅನ್ನಬೇಕಿತ್ತು. ಅನ್ನದೆ ಹೋದದ್ದಕ್ಕೆ ಎಷ್ಟೋ ದಿನ ತನ್ನನ್ನೇ ಹಳಿದುಕೊಂಡಳು. ಕೀಲಿ ತೆಗೆದುಕೊಂಡಳು. ಅವನನ್ನು ಕೂರಿಸಿಕೊಂಡು ಸಂದಿಯಿಂದ ಗಾಡಿ ಹಿಂದಕ್ಕೆ ತೆಗೆದು, ಹೆದ್ದಾರಿಗೆ ಹತ್ತಿಸಿ, ಲಾರಿಗಳ ಮಧ್ಯೆ ಆದಿವಾಲದ ಕಡೆ ಒಂದಷ್ಟು ದೂರ ಓಡಿಸಿ, ಸರ್ವಿಸ್ ರಸ್ತೆಯಲ್ಲಿ ವಾಪಸು ತಂದು ಮನೆ ಮುಂದೆ ನಿಲ್ಲಿಸಿದಳು. ಕಟ್ಟೆಯ ಗಂಡಸರು ದೊಂಬರಾಟ ನೋಡುವಂತೆ ಎದ್ದು ನಿಂತಿದ್ದರು.

"ಸೂಪರ್ ಮೇಡಂ" ಎಂದ ಅವನು. ಬರಗೇರಮ್ಮ ಬೇಡವೆಂದರೂ ಮನೆಗೆ ಬಂದವರಿಗೆ ಎಂದು ಕನಕರಾಜ್ ಕೀಳಿಸಿದ ಎಳನೀರನ್ನು ಕುಡಿದ. ಬುರುಡೆಯೊಳಗಿನ ಗಂಜಿಯನ್ನೂ ಕೆರೆದು ತಿಂದ. "ರಿಪೋರ್ಟ್ ಪಾಸಿಟಿವ್ ಆಗೇ ಕೊಡ್ತೀನಿ" ಎಂದು ಹೋದ.

ಆಮೇಲೆ ಫೋನು ಮಾಡಿದಾಗಲೆಲ್ಲ ಕಂಪನಿಯಲ್ಲಿ ಮೊದಲು ಸಂಗೀತ, ನಂತರ "ನಿಮ್ಮ ಕರೆ ನಮಗೆ ಅಮೂಲ್ಯ" ಎಂಬ ಹೆಣ್ಣುದನಿ, ಕೊನೆಗೆ ಕಟ್. ಉಗ್ರಪ್ಪ ಕಾರಿನ ಮುಂಭಾಗ ಬಿಚ್ಚಿಟ್ಟು, ಒಪ್ಪಿಗೆ ಬರದೆ ಕೈ ಹಾಕುವುದಿಲ್ಲ ಎಂದು ಕೂತ. ಒಂದು ಸಂಜೆ ಗೋವಿಂದಪ್ಪ ಮನೆಗೆ ಬಂದ. ಜೊತೆಯಲ್ಲಿ ಕನಕರಾಜನ ತಮ್ಮ ತಿಮ್ಮೇಶ್ ಇದ್ದ.

"ನೋಡು ಮಮತಾ" ಎಂದು ಗೋವಿಂದಪ್ಪ ದನಿ ತಗ್ಗಿಸಿದ. "ಕಂಪನಿಯೋರಿಗೆ ಹೆಂಗಸು ಓಡಿಸ್ತಿದ್ಲು, ಗಂಡ ಕುಡಿದು ಪಕ್ಕದಾಗೆ ಕುಂತಿದ್ದ ಅಂದ್ರೆ ಡೌಟು. ತಿಮ್ಮೇಶನ ಹತ್ರ ಲೈಸೆನ್ಸ್ ಐತೆ, ಅವನು ಕುಡಿಯಲ್ಲ. ಅವನೇ ಓಡಿಸ್ತಿದ್ದ ಅಂತ ಹೇಳಿಬಿಡಾಣ. ಮುಗೀತು."

"ಅವತ್ತು ತಿಮ್ಮೇಶ ಭರಮಸಾಗರದಾಗೆ ಇದ್ನಲ್ಲ ಮಾವ?"

"ಇದ್ದ. ಅದು ಯಾರಿಗೆ ಗೊತ್ತು?"

"ನನಗೆ ಗೊತ್ತಲ್ಲ."

ಗೋವಿಂದಪ್ಪ ಕನಕರಾಜನ ಮುಖ ನೋಡಿದ. ತಿಮ್ಮೇಶ್ ಉಗುರು ಕಚ್ಚುತ್ತಿದ್ದ. ಮಮತಾ ಎದ್ದು ನಿಂತಳು. "ನಿಜ ಹೇಳಿದ್ರೆ ಡೌಟು, ಸುಳ್ಳು ಹೇಳಿದ್ರೆ ಪಾಸು. ಇಂಥ ದುಡ್ಡು ನನಗೆ ಬ್ಯಾಡ. ಗಾಡಿ ಓಡಿಸಿದ್ದು ನಾನು. ನಾಳೆ ಕೇಳಿದ್ರೂ ನಾನೇ." ಒಳಗೆ ಹೋಗಿ ಪಾತ್ರೆ ತೊಳೆಯಲು ಕೂತಳು. ಮಾತು ಅಲ್ಲಿಗೆ ಮುಗಿಯಿತೆಂದೇ ತಿಳಿದಿದ್ದಳು.

ಕಂಪನಿಯ ಪತ್ರ ಡೇರಿಯ ವಿಳಾಸಕ್ಕೆ ಬಂತು. ಬೆಳಗಿನ ಹಾಲು ಅಳೆದು ಮುಗಿದಿತ್ತು, ಕ್ಯಾನುಗಳನ್ನು ಲಾರಿಗೆ ಏರಿಸುತ್ತಿದ್ದರು. ಓದಿದಳು. ವಾಹನ ಚಲಾಯಿಸುತ್ತಿದ್ದವರು ಯಾರೆಂಬ ಬಗ್ಗೆ ಒಂದೇ ಕುಟುಂಬದವರು ಪರಸ್ಪರ ವಿರುದ್ಧವಾದ ಎರಡು ಹೇಳಿಕೆ ಕೊಟ್ಟಿರುವುದರಿಂದ, ಸತ್ಯ ಮರೆಮಾಚಿದ ಕಾರಣಕ್ಕೆ ಪರಿಹಾರವನ್ನು ನಿರಾಕರಿಸಲಾಗಿದೆ. ಒಂದು ಹೇಳಿಕೆ ಮಮತಾಳದು. ಇನ್ನೊಂದು, ತಮ್ಮ ತಿಮ್ಮೇಶ್ ಓಡಿಸುತ್ತಿದ್ದನೆಂದು ಕನಕರಾಜ್ ಸಹಿ ಮಾಡಿದ್ದು.

ಅವಳು ಪತ್ರ ಮಡಿಸಿ ಬ್ಲೌಸಿನೊಳಗೆ ಇಟ್ಟುಕೊಂಡಳು. ಹಾಲಿನ ವಾಸನೆಗೆ ಯಾವತ್ತೂ ಹೇಸದವಳಿಗೆ ಅವತ್ತು ಅಲ್ಲಿ ನಿಲ್ಲಲಾಗಲಿಲ್ಲ, ಹಿತ್ತಲಿಗೆ ಹೋಗಿ ವಾಂತಿ ಮಾಡಿದಳು. ಮಧ್ಯಾಹ್ನದ ಬಸ್ಸಿಗೆ ಹಿರಿಯೂರಿಗೆ ಹೋದಳು. ಕನಕರಾಜ್ ಸುಟ್ಟ ಮೋಟರೊಂದರಿಂದ ತಂತಿ ಕೀಳುತ್ತಿದ್ದ.

"ಎಲ್ಲಿ ಸೈನ್ ಮಾಡಿದ್ರಿ?"

ಅವನಿಗೆ ತಕ್ಷಣ ತಿಳಿಯಿತು. ಇಕ್ಕಳ ಕೆಳಗಿಟ್ಟ. "ಉಗ್ರಪ್ಪನ ಗ್ಯಾರೇಜಲ್ಲಿ. ಗೋವಿಂದಪ್ಪ ಮಾವ ಕರ್ಸಿದ್ರು. ಬೇಗ ಆಗ್ಲಿ ಅಂತ..."

"ನನ್ನ ಕೇಳಬೇಕು ಅನ್ನಿಸ್ಲಿಲ್ವ?"

"ಎಲ್ಲಾರೂ ನಗಾಡ್ತಾರೆ ಕಣೇ ಮಮತಾ. ಕಂಠಮಟ್ಟ ಕುಡಿದು ಹೆಂಡ್ತಿ ಪಕ್ಕ ಬಿದ್ದಿದ್ದ ಅಂತ ಕಾಗದದಾಗೆ ಬರೆದು ಆಫೀಸಾಗೆ ಇಟ್ರೆ ನನ್ನ ಮರ್ಯಾದೆ ಏನಾಗಬೇಕು? ತಿಮ್ಮೇಶ ಓಡಿಸ್ತಿದ್ದ ಅಂದ್ರೆ ಯಾರಿಗೇನು ನಷ್ಟ?"

ಮಮತಾ ಅವನನ್ನು ನೋಡುತ್ತ ನಿಂತಳು. ಅವನು ಕುಡಿಯುವುದಕ್ಕೆ ಇಷ್ಟು ವರ್ಷ ಬೇಸರವಿತ್ತು, ಸಿಟ್ಟಿತ್ತು. ಹೇಸಿಗೆ ಹುಟ್ಟಿದ್ದು ಈಗ. ಕುಡಿದವನನ್ನು ಪ್ರತಿಸಲ ಹುಷಾರಾಗಿ ಮನೆಗೆ ಮುಟ್ಟಿಸುತ್ತಿದ್ದ ಕೈಗಳನ್ನೇ ಅವನು ಕಾಗದದಿಂದ ಅಳಿಸಿಹಾಕಿದ್ದ. ಅದಕ್ಕೆ ಮರ್ಯಾದೆ ಎಂದು ಹೆಸರಿಟ್ಟಿದ್ದ. ಸುತ್ತಿಗೆ ಹಿಡಿದ ಉಗ್ರಪ್ಪನಿಗೂ ಇವನಿಗೂ ಏನು ವ್ಯತ್ಯಾಸ? ಇಬ್ಬರೂ ಚೆನ್ನಾಗಿದ್ದುದನ್ನು ಒಡೆದರು, ಇಬ್ಬರೂ ನಿನಗೇನು ನಷ್ಟ ಎಂದು ಕೇಳಿದರು.

"ನಿಮ್ಮ ಅಂಗಿ ಇನ್ಮೇಲೆ ನೀವೇ ಒಗ್ಕಳ್ರಿ" ಎಂದಳು. ಆ ಮಾತನ್ನು ಉಳಿಸಿಕೊಂಡಳು ಕೂಡ. ಅವನು ತೊಟ್ಟ ಬಟ್ಟೆಯನ್ನು ಮುಟ್ಟಲು ಅವಳಿಂದ ನಿಜವಾಗಿಯೂ ಆಗುತ್ತಿರಲಿಲ್ಲ. ಒಂದೇ ಕೋಣೆಯಲ್ಲಿ ಅವನ ಉಸಿರು ಕೇಳಿಸಿದರೆ ಎದ್ದು ಅತ್ತೆಯ ಹಾಸಿಗೆಯ ಪಕ್ಕಕ್ಕೆ ಚಾಪೆ ಎಳೆದುಕೊಳ್ಳುತ್ತಿದ್ದಳು. ಬರಗೇರಮ್ಮ ಪಕ್ಕಕ್ಕೆ ಸರಿದು ಜಾಗ ಬಿಟ್ಟುಕೊಟ್ಟಳು.

ಡೇರಿಯ ಕೆಲಸಕ್ಕೆ ಚಿತ್ರದುರ್ಗಕ್ಕೆ ಹೋದಾಗ ಅವಳು ವಕೀಲೆ ಸುಷ್ಮಿತಾಳನ್ನು ಕಂಡಳು. ಚಿಕ್ಕ ವಯಸ್ಸಿನ ಹುಡುಗಿ, ಮಾತು ಕಡಿಮೆ. ಎಲ್ಲವನ್ನೂ ಕೇಳಿ, "ಗ್ರಾಹಕರ ಆಯೋಗಕ್ಕೆ ಹಾಕೋಣ ಅಕ್ಕ. ಆದ್ರೆ ಮನೆಯವರಲ್ಲದ ಯಾರಾದ್ರೂ ನೋಡಿರೋರು ಬೇಕು" ಎಂದಳು.

ನೋಡಿದವನು ಚಿತ್ತಪ್ಪ. ಆದರೆ ಅವನು ಕುರಿಯ ಜೊತೆ ಊರೂರು ತಿರುಗುವವನು. ಮಾರಿಕಣಿವೆಯ ಹತ್ತಿರ ಕೇಳಿದರೆ ಹೊಳಲ್ಕೆರೆ ಕಡೆ ಹೋದ ಎಂದರು. ಹೊಳಲ್ಕೆರೆಯ ಸಂತೆಯಲ್ಲಿ ಕೇಳಿದರೆ ಭರಮಸಾಗರದ ಕೆರೆ ಹಿಂದಿನ ಹೊಲಗಳಲ್ಲಿ ಮಂದೆ ನಿಲ್ಲಿಸಿದ್ದಾನೆ ಎಂದರು. ಡೇರಿಗೆ ರಜೆ ಹಾಕಿ ಬಸ್ಸಿನಲ್ಲಿ ಹೋಗಿ, ಕೊಯ್ಲಾದ ಮೆಕ್ಕೆಜೋಳದ ಹೊಲದ ಕೂಳೆ ತುಳಿದುಕೊಂಡು ನಡೆದಳು. ಚಿತ್ತಪ್ಪ ದೂರದಿಂದಲೇ ಗುರುತು ಹಿಡಿದ. ಹೆಂಡತಿ ಕಾಟಮ್ಮ ಮೂರು ಕಲ್ಲಿನ ಒಲೆಯ ಮೇಲೆ ಮುದ್ದೆ ತೊಳಸುತ್ತಿದ್ದಳು.

"ಬರ್ರಿ ತಾಯಿ, ಕುಂತ್ಕಳ್ರಿ. ಅಜ್ಜಿ ಹೆಂಗವ್ರೆ?"

ಮಮತಾ ಬಂದ ಕೆಲಸ ಹೇಳಿದಳು. ಚಿತ್ತಪ್ಪ ಅಚ್ಚರಿಯಿಂದ ನೋಡಿದ. "ಅದೆಲ್ಲ ನಾನು ಆವಾಗ್ಲೇ ಹೇಳಿದ್ನಲ್ಲ? ಕತ್ತಿಗೆ ಕಾರ್ಡ್ ಹಾಕ್ಕಂಡಿದ್ದ ಒಬ್ಬ ಸಾಯೇಬ ಬಂದಿದ್ದ. ಕಣಿವೆ ಹತ್ರಾನೇ ಕೇಳಿದ. ಹೆಣ್ಮಗಳು ಓಡಿಸ್ತಿದ್ಲು ಸ್ವಾಮಿ, ನಾನೇ ಬಾಗ್ಲು ತೆಗೆದು ಇಳಿಸಿದ್ದು ಅಂದೆ."

"ಯಾವಾಗ ಬಂದಿದ್ದ?"

"ಅಪಘಾತ ಆದ ವಾರದಾಗೇ. ಬರ್ಕಳ್ರಿ ಅಂದೆ. ಆಯ್ತು ಆಯ್ತು ಅಂದ, ಬರ್ಕಳ್ಳಿಲ್ಲ. ಒಂದು ಮರಿ ಕಮ್ಮಿಗೆ ಕೊಡ್ತೀಯ ಅಂತ ಕೇಳಿದ."

ಮಮತಾ ಹೊಲದ ಬದುವಿನ ಮೇಲೆ ಕುಸಿದಂತೆ ಕೂತಳು. ಅಂದರೆ ಅವಳ ಮನೆಗೆ ಬರುವ ಮೊದಲೇ ಅವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಬೆಲ್ಟಿನ ಗುರುತಿಗೆ ಫೋಟೋ ಕೇಳಿದ. ಗೊತ್ತಿದ್ದೇ ಊರಿನ ಮುಂದೆ ಕುಣಿಸಿದ. ಗೊತ್ತಿದ್ದೇ ಎಳನೀರು ಕುಡಿದ. ಅನುಮಾನ ಪಡುವವರನ್ನು ಕ್ಷಮಿಸಬಹುದಿತ್ತು. ಇವನಿಗೆ ಅನುಮಾನವೇ ಇರಲಿಲ್ಲ.

"ಥೂ" ಎಂದಳು ಗಟ್ಟಿಯಾಗಿ. ಬಾಯಿಂದ ಬಂದೇ ಹೋಯಿತು.

ಕಾಟಮ್ಮ ತಟ್ಟೆಗೆ ಮುದ್ದೆ ಹಾಕಿ, ಹುರುಳಿಕಾಳು ಸಾರು ಬಿಟ್ಟು ಮುಂದಿಟ್ಟಳು. "ಉಣ್ಣವ್ವ ಮೊದ್ಲು. ಇವ್ನು ದುರ್ಗಕ್ಕೆ ಬರ್ತಾನೆ. ಕುರಿ ನಾನು ನೋಡ್ಕಂತೀನಿ." ಬಹಳ ದಿನಗಳ ಮೇಲೆ ಮಮತಾ ಹೊಟ್ಟೆ ತುಂಬ ಉಂಡಳು.

ಚಿತ್ತಪ್ಪ ಹೇಳಿದಂತೆಯೇ ಬಂದು ಸುಷ್ಮಿತಾಳ ಮುಂದೆ ಹೇಳಿ ಹೆಬ್ಬೆಟ್ಟು ಒತ್ತಿ ಹೋದ. ಇನ್ನು ಉಳಿದದ್ದು ಕನಕರಾಜ್. ಮೊದಲು ಕೊಟ್ಟ ಹೇಳಿಕೆ ಸುಳ್ಳೆಂದು ಅವನೇ ಪ್ರಮಾಣಪತ್ರ ಕೊಡಬೇಕು, ಇಲ್ಲದಿದ್ದರೆ ಕೇಸು ನಿಲ್ಲುವುದಿಲ್ಲ ಎಂದಿದ್ದಳು ಸುಷ್ಮಿತಾ. ಮಮತಾ ಗಂಡನನ್ನು ಕೇಳಲಿಲ್ಲ. ಕೇಳಿದವಳು ಬರಗೇರಮ್ಮ, ಕೈ ಇನ್ನೂ ಸರಿಯಾಗಿ ಎತ್ತಲಾಗದವಳು, ಅವನು ಉಣ್ಣುವ ಹೊತ್ತಿಗೆ ಎದುರಿಗೆ ಕೂತು.

"ನೀನು ಕುಡಿದಿದ್ದು ದೇವ್ರಿಗೂ ಗೊತ್ತು, ಮನೆ ಎಮ್ಮೆಗೂ ಗೊತ್ತು. ಹೊಸದಾಗಿ ಹೋಗೋ ಮರ್ಯಾದೆ ಯಾವ್ದಲೇ? ಆವತ್ತು ಅವಳ ಕೈ ಅಳ್ಳಾಡಿದ್ರೆ ನಿನ್ನ ತಿಥಿ ಮಾಡಿ ಎಷ್ಟೋ ತಿಂಗ್ಳಾಗಿರ್ತಿತ್ತು. ಹೋಗಿ ನಿಜ ಹೇಳು. ಹೇಳಲ್ಲ ಅಂದ್ರೆ ನನ್ನ ಹೆಣ ಮುಟ್ಟಬ್ಯಾಡ."

ಕನಕರಾಜ್ ಹೋದ. ಕೋರ್ಟಿನ ಹೊರಗೆ, ಬೇವಿನ ಮರದ ಕೆಳಗೆ ಟೈಪು ಮಾಡುವವನ ಮೇಜಿನ ಮುಂದೆ ಅವನು, ಮಮತಾ, ಸುಷ್ಮಿತಾ ಮೂವರೂ ಕೂತರು. ಸುಷ್ಮಿತಾ ಓದಿ ಹೇಳುತ್ತಿದ್ದಳು, ಅವನು ತಲೆಯಾಡಿಸುತ್ತಿದ್ದ. "ಸದರಿ ದಿನ ನಾನು ಮದ್ಯಪಾನ ಮಾಡಿದ್ದೆನಾದ್ದರಿಂದ" ಎಂಬಲ್ಲಿಗೆ ಬಂದಾಗ ಕೆಮ್ಮಿದ.

"ಮೇಡಂ, ಅಲ್ಲಿ ಸ್ವಲ್ಪ ಹುಷಾರಿರ್ಲಿಲ್ಲ ಅಂತ ಹಾಕಿದ್ರೆ ಆಗಲ್ವ? ಅಸ್ವಸ್ಥನಾಗಿದ್ದೆ ಅಂತ?"

ಸುಷ್ಮಿತಾ ಮಮತಾಳ ಮುಖ ನೋಡಿದಳು. ಟೈಪಿನವನ ಬೆರಳು ನಿಂತಿತು.

"ಕುಡಿದಿದ್ದೆ ಅಂತ ಹಾಕ್ರಿ" ಎಂದಳು ಮಮತಾ. "ಬೇರೆ ಏನು ಹಾಕಿದ್ರೂ ನಾನು ಈಗ್ಲೇ ಎದ್ದು ಹೋಗ್ತೀನಿ. ಕೇಸೂ ಬ್ಯಾಡ, ಕಾರೂ ಬ್ಯಾಡ."

ಕನಕರಾಜನ ಕಿವಿ ಕೆಂಪಾದವು. "ಹಾಕ್ರಿ" ಎಂದ. ತಲೆ ತಗ್ಗಿಸಿ ಸಹಿ ಮಾಡಿದ. ಅವಳಿಗೆ ಕನಿಕರ ಬರಲಿಲ್ಲ. ಬರಬೇಕಿತ್ತೇನೋ ಎಂದು ಬಸ್ಸಿನಲ್ಲಿ ಯೋಚಿಸಿದಳು, ಆಗಲೂ ಬರಲಿಲ್ಲ.

ಕೇಸು ಎಳೆಯಿತು. ಕಂಪನಿಯ ವಕೀಲರು ವಾಯಿದೆ ಮೇಲೆ ವಾಯಿದೆ ಕೇಳಿದರು. ತನಿಖೆಗೆ ಬಂದಿದ್ದವನು ಕೆಲಸ ಬಿಟ್ಟು ಬೇರೆ ಕಂಪನಿಗೆ ಹೋಗಿದ್ದಾನೆ, ವಿಳಾಸ ಗೊತ್ತಿಲ್ಲ ಎಂದರು. ಕೊನೆಗೆ ಆಯೋಗ, ಗಾಡಿ ಓಡಿಸುತ್ತಿದ್ದವಳು ಮಮತಾಳೇ ಎಂದು ಒಪ್ಪಿ, ರಿಪೇರಿಯ ಖರ್ಚು ಕೊಡುವಂತೆ ಕಂಪನಿಗೆ ಆದೇಶ ಮಾಡಿತು. ಗಂಡ ಮೊದಲು ಕೊಟ್ಟ ಸುಳ್ಳು ಹೇಳಿಕೆಯಿಂದ ಗೊಂದಲವಾದದ್ದೂ ನಿಜವೆಂದು, ಅವಳು ಕೇಳಿದ್ದ ಮಾನಸಿಕ ಕಿರುಕುಳದ ಪರಿಹಾರವನ್ನು ಕೊಡಲಿಲ್ಲ. ಬಲಗಡೆಯ ಹೆಡ್‌ಲೈಟು, ಬಾಗಿಲು ಅಪಘಾತಕ್ಕೆ ಸಂಬಂಧಿಸಿದ್ದಲ್ಲವೆಂದು ಸರ್ವೇಯರ್ ಮೊದಲೇ ಬರೆದಿದ್ದ. ಅದು ಅವಳ ಪಾಲಿಗೇ ಬಿತ್ತು.

ಕಾರು ಬಿಡಿಸಲು ಹೋದಾಗ ಉಗ್ರಪ್ಪ "ಅಕ್ಕ" ಎನ್ನುವುದನ್ನು ಬಿಟ್ಟಿದ್ದ. ಜಾಗದ ಬಾಡಿಗೆ ಕೇಳಿದ. ಬಿಚ್ಚಿದ ಕೂಲಿ ಕೇಳಿದ. ಬ್ಯಾಟರಿ ಇರಬೇಕಾದ ಜಾಗದಲ್ಲಿ ತುಕ್ಕು ಹಿಡಿದ ಯಾವುದೋ ಹಳೆಯದು ಕೂತಿತ್ತು. ಸೀಟುಗಳ ಮೇಲೆ ಮಳೆ ಬಿದ್ದು ಬೂಸಲು ಬೆಳೆದಿತ್ತು, ಹಿಂದಿನ ಸೀಟಿನಡಿ ಇಲಿ ಮರಿ ಹಾಕಿ ಸತ್ತಿತ್ತು. ಮಮತಾ ಮೂಗು ಮುಚ್ಚಿಕೊಳ್ಳಲಿಲ್ಲ. ಗಾಡಿ ಒಡೆದದ್ದಕ್ಕೆ ಕೇಸು ಹಾಕುವುದಾಗಿ ಸುಷ್ಮಿತಾ ಬರೆದುಕೊಟ್ಟಿದ್ದ ನೋಟಿಸನ್ನು ಅವನ ಮೇಜಿನ ಮೇಲಿಟ್ಟು, ಎಳೆಯುವ ಗಾಡಿಗೆ ಕಾರು ಕಟ್ಟಿಸಿದಳು. ಉಗ್ರಪ್ಪ ನೋಟಿಸು ಓದಿ, ಬಾಡಿಗೆಯ ಮಾತು ಬಿಟ್ಟ. ಬ್ಯಾಟರಿಯ ಮಾತನ್ನು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ.

ಹಿರಿಯೂರಿನ ಮಾರಣ್ಣ ಎಂಬ ಮೆಕ್ಯಾನಿಕ್ಕು ಕಾರನ್ನು ಸರಿ ಮಾಡಿಕೊಟ್ಟ. ಕೆಲಸ ಆಗುವಷ್ಟು ದಿನವೂ ಮಮತಾ ಮಧ್ಯಾಹ್ನ ಬಂದು ಅವನ ಶೆಡ್ಡಿನಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಮಾರಣ್ಣನಿಗೆ ಮೊದಲು ಮುಜುಗರ, ಆಮೇಲೆ ಬೇಸರ. "ನನ್ನ ಮೇಲೆ ನಂಬಿಕೆ ಇಲ್ವೇನಮ್ಮ?" ಎಂದು ಕೇಳಿಯೇಬಿಟ್ಟ.

"ನಿನ್ನ ಮೇಲಲ್ಲ ಮಾರಣ್ಣ, ಯಾರ ಮೇಲೂ ಇಲ್ಲ" ಎಂದಳು. ಹೇಳಿದ ಮೇಲೆ ಆ ಮಾತು ಅವಳಿಗೇ ಅಸಹ್ಯವಾಗಿ ಕೇಳಿಸಿತು. ಇವನೇನು ತಪ್ಪು ಮಾಡಿದ್ದ? ಮೈಗೆ ಅಂಟಿದ ಕೊಳೆಯನ್ನು ತಾನೂ ಇನ್ನೊಬ್ಬರಿಗೆ ಮೆತ್ತುತ್ತಿದ್ದೇನೆ ಅನಿಸಿತು. ಮಾರನೆಯ ದಿನದಿಂದ ಹೋಗಿ ಕೂರುವುದನ್ನು ಬಿಟ್ಟಳು. ಮಾರಣ್ಣ ಹೇಳಿದ ದಿನಕ್ಕೆ ಗಾಡಿ ಕೊಟ್ಟ. ಸೀಟುಗಳನ್ನು ಅವಳೇ ಬಿಚ್ಚಿ ಫಿನಾಯಿಲು ಹಾಕಿ ತೊಳೆದು, ಬಿಸಿಲಿಗೆ ಒಣಗಿಸಿ ಹಾಕಿದಳು.

ಗೆದ್ದೆಯಲ್ಲ ಎಂದು ಊರಿನವರು ಅಂದರು. ಗೆಲುವಿನ ಸುಖ ಅವಳಿಗೆ ಒಳಗೆಲ್ಲೂ ಸಿಗಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿ, ಅದನ್ನು ನಂಬಿಸಲು ಇಷ್ಟು ಜನರ ಅಂಗಳ ತುಳಿಯಬೇಕಾಯಿತಲ್ಲ ಎಂಬುದಷ್ಟೇ ಉಳಿಯಿತು.

ಒಂದು ಭಾನುವಾರ ಗೋವಿಂದಪ್ಪ ಸ್ವೀಟಿನ ಡಬ್ಬಿ ಹಿಡಿದು ಬಂದ. ಏನೂ ನಡೆದೇ ಇಲ್ಲದವನ ಹಾಗೆ ಹಲ್ಲು ಕಿರಿದ. "ನಾನು ಹೇಳಿರ್ಲಿಲ್ವ ಮಮತಾ, ಕ್ಲೇಮ್ ಬಂದೇ ಬರ್ತೈತೆ ಅಂತ? ಈ ವರ್ಸದ ಪಾಲಿಸಿ ಇನ್ನೊಂದು ಒಳ್ಳೆ ಕಂಪನೀಲಿ ಮಾಡಿಸ್ತೀನಿ. ಡಿಸ್ಕೌಂಟೂ ಐತೆ."

ಮಮತಾ ಕಾರಿನ ಗಾಜು ಒರೆಸುತ್ತಿದ್ದವಳು ತಲೆಯೆತ್ತಲಿಲ್ಲ. ಬಾಯಿ ತೆರೆದರೆ ಏನು ಬರುತ್ತದೋ ಅವಳಿಗೇ ಗೊತ್ತಿರಲಿಲ್ಲ. ಜಗಲಿಯ ಮೇಲಿದ್ದ ಕನಕರಾಜ್ ಎದ್ದು ಬಂದ. ಕುಂತ್ಕಳ್ರಿ ಮಾವ ಎನ್ನುತ್ತಾನೆ ಎಂದು ಅವಳು ಕಾದಳು. ಅವನು ಡಬ್ಬಿಯನ್ನು ಗೋವಿಂದಪ್ಪನ ಕೈಗೇ ವಾಪಸು ಇಟ್ಟ.

"ಬ್ಯಾಡ ಮಾವ. ಪಾಲಿಸಿ ಅವಳೇ ದುರ್ಗಕ್ಕೆ ಹೋಗಿ ಮಾಡಿಸ್ಕಂಡವ್ಳೆ. ನೀವಿನ್ನು ಹೊರಡ್ರಿ."

ಗೋವಿಂದಪ್ಪ ಏನೋ ಹೇಳಲು ಹೋಗಿ, ಒಳಗಿನಿಂದ ಬರಗೇರಮ್ಮನ ಕೆಮ್ಮು ಕೇಳಿ, ಬೈಕು ಹತ್ತಿದ. ಕನಕರಾಜ್ ಅಲ್ಲೇ ನಿಂತಿದ್ದ, ಹೆಂಡತಿ ಒಂದು ಮಾತು ಆಡಿಯಾಳು ಎಂಬಂತೆ. ಮಮತಾ ಅವನನ್ನು ನೋಡಿದಳು. ಅಷ್ಟಕ್ಕೇ ಮನಸ್ಸು ತಿಳಿಯಾಗುವಂತಿರಲಿಲ್ಲ, ಆಗಲೂ ಇಲ್ಲ. ಆದರೆ ಬಕೆಟ್ಟನ್ನು ಕಾಲಿನಿಂದ ಅವನ ಕಡೆ ಸರಿಸಿದಳು.

"ಆ ಕಡೆ ಗಾಜು ಒರೆಸ್ರಿ" ಎಂದಳು.